ಕಾಮಾಲೆಗೆ ನಾಟಿ ಮದ್ದು ಸಾಕೇ? ಲಿವರ್ ಪರೀಕ್ಷೆಯಿಂದ ಕಸಿವರೆಗೆ ತಿಳಿದಿರಬೇಕಾದ್ದು

ಕಣ್ಣು ಹಳದಿ ಆದ್ರೆ ಸಾಕು, ‘ಕಾಮಾಲೆ ಬಂದಿದೆ, ನಾಟಿ ಔಷಧ ಕುಡಿಸಿ’ ಅನ್ನೋ ಸಲಹೆ ಊರಲ್ಲಿ ಮೊದಲು ಸಿಗುತ್ತದೆ. ಬರೆ ಹಾಕಿಸುವವರೂ ಇದ್ದಾರೆ. ಹಲವರಿಗೆ ವಾಸಿಯೂ ಆಗುತ್ತದೆ. ಯಾಕೆಂದರೆ ಕಲುಷಿತ ನೀರು, ಆಹಾರದಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಹೆಸರು ಮದ್ದಿಗೆ ಬರುತ್ತದೆ. ಆದರೆ ಹೆಪಟೈಟಿಸ್ ಬಿ, ಸಿ, ಮದ್ಯಪಾನ, ಫ್ಯಾಟಿ ಲಿವರ್ ಅಥವಾ ಪಿತ್ತನಾಳದ ಕಲ್ಲು ಕಾರಣವಾಗಿದ್ದರೆ ಹೀಗೆ ಕಳೆದ ಸಮಯ ಜೀವಕ್ಕೇ ಮುಳುವಾಗಬಹುದು.

ಲಿವರ್ ಕೆಲಸವೇನು?
ಹೊಟ್ಟೆಯ ಬಲಭಾಗದಲ್ಲಿ, ಪಕ್ಕೆಲುಬಿನ ಕೆಳಗಿರುವ ಲಿವರ್ (ಯಕೃತ್ತು) ಸುಮಾರು ಒಂದೂವರೆ ಕೆ.ಜಿ. ತೂಗುತ್ತದೆ. ಪಿತ್ತರಸ ತಯಾರಿಕೆ, ಸಕ್ಕರೆ ಸಂಗ್ರಹ, ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್ ಉತ್ಪಾದನೆ, ಔಷಧ ಮತ್ತು ಮದ್ಯದ ವಿಷಾಂಶ ನಿವಾರಣೆ ಎಲ್ಲವೂ ಇದರದ್ದೇ. ಸಾಕಷ್ಟು ಹಾಳಾಗುವವರೆಗೂ ಇದು ನೋವು ತೋರಿಸದೇ ಇರಬಹುದು.

ಎಲ್‌ಎಫ್‌ಟಿ ಅಂದ್ರೆ?
ಇದೊಂದು ರಕ್ತ ಪರೀಕ್ಷೆ. ಬಿಲಿರುಬಿನ್ ಕಾಮಾಲೆಯ ಮಟ್ಟ ಹೇಳಿದರೆ, ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರ್ ಕೋಶಗಳಿಗೆ ಆದ ಪೆಟ್ಟನ್ನು ತೋರಿಸುತ್ತವೆ. ಲಿವರ್ ಎಷ್ಟು ಕೆಲಸ ಮಾಡುತ್ತಿದೆ ಅನ್ನೋದು ಆಲ್ಬುಮಿನ್ ಹಾಗೂ ಪ್ರತ್ಯೇಕವಾಗಿ ಮಾಡುವ ಐಎನ್‌ಆರ್ ಪರೀಕ್ಷೆಯಿಂದ ಗೊತ್ತಾಗುತ್ತದೆ. ರಕ್ತವಾಂತಿ, ಕಪ್ಪು ಮಲ, ಹೊಟ್ಟೆಯಲ್ಲಿ ನೀರು ತುಂಬುವುದು, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕಸಿ ಯಾವಾಗ?
ಔಷಧದಿಂದ ಚೇತರಿಸಿಕೊಳ್ಳದಷ್ಟು ಲಿವರ್ ವಿಫಲವಾದಾಗ ವೈದ್ಯರು ಕಸಿ ಸೂಚಿಸುತ್ತಾರೆ. ಮಿದುಳು ನಿಷ್ಕ್ರಿಯಗೊಂಡವರ ಕುಟುಂಬ ಒಪ್ಪಿದರೆ ಅವರ ಲಿವರ್ ಪಡೆಯಬಹುದು. ರಾಜ್ಯದಲ್ಲಿ ಇದರ ನೋಂದಣಿ, ಹಂಚಿಕೆಯನ್ನು ‘ಜೀವಸಾರ್ಥಕತೆ’ ಸಂಸ್ಥೆ ನೋಡಿಕೊಳ್ಳುತ್ತದೆ. ಇಲ್ಲವೇ ಹತ್ತಿರದ ಸಂಬಂಧಿಕರು ಲಿವರ್‌ನ ಒಂದು ಭಾಗ ಕೊಡಬಹುದು. ಉಳಿದ ಭಾಗ ಕೆಲವೇ ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಆದರೂ ದಾನಿಗೂ ಅದು ದೊಡ್ಡ ಆಪರೇಷನ್ನೇ. 1994ರ ಕಾಯ್ದೆ ಪ್ರಕಾರ ಅಂಗಾಂಗ ಮಾರುವುದು, ಕೊಳ್ಳುವುದು ಅಪರಾಧ. ದಲ್ಲಾಳಿಗಳ ಮಾತು ನಂಬಬೇಡಿ.

ಕಸಿ ನಂತರ
ದೇಹ ಹೊಸ ಲಿವರನ್ನು ತಿರಸ್ಕರಿಸದಂತೆ ಟ್ಯಾಕ್ರೋಲಿಮಸ್‌ನಂಥ ಮಾತ್ರೆಗಳನ್ನು ಸಾಮಾನ್ಯವಾಗಿ ಜೀವನಪೂರ್ತಿ, ಹೊತ್ತಿಗೆ ಸರಿಯಾಗಿ ತಗೋಬೇಕು. ‘ಈಗ ಆರಾಮಿದ್ದೀನಿ’ ಅಂತ ನಿಲ್ಲಿಸಿದರೆ ಕಸಿಯೇ ವಿಫಲವಾಗಬಹುದು. ಈ ಮಾತ್ರೆಗಳು ರೋಗನಿರೋಧಕ ಶಕ್ತಿ ಕುಗ್ಗಿಸುವುದರಿಂದ ಕಾಯಿಸಿ ಆರಿಸಿದ ನೀರು, ಬಿಸಿ ಊಟವೇ ಒಳ್ಳೆಯದು. ಜ್ವರ ಬಂದರೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ಮಾತ್ರೆ ನುಂಗದೆ, ಕಸಿ ಮಾಡಿದ ಆಸ್ಪತ್ರೆಗೆ ಫೋನ್ ಮಾಡಬೇಕು. ನಾಟಿ ಔಷಧ, ಮದ್ಯ ಎರಡೂ ಬೇಡ.

ಈ ಹಂತಕ್ಕೆ ಹೋಗದಿರಲು ದಾರಿಯೂ ಇದೆ. ನವಜಾತ ಶಿಶುಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಹೆಪಟೈಟಿಸ್ ಬಿ ಲಸಿಕೆ ಉಚಿತ. ದಿನವಿಡೀ ಅಂಗಡಿ ಗಲ್ಲಾದ ಮೇಲೆ ಕೂತಿರುವವರು, ಶುಗರ್ ಇರುವವರು ಫ್ಯಾಟಿ ಲಿವರ್ ಬಗ್ಗೆ ವೈದ್ಯರನ್ನು ಕೇಳುವುದು ಒಳಿತು. ಕಣ್ಣು ಹಳದಿಯಾದರೆ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಉಳಿದದ್ದು ಆಮೇಲೆ.