ಮ್ಯಾಲೀನ್ ಪರೀಕ್ಷೆಯ ಕಥೆ

ಕುದುರೆಯ ಆಯಾಸವನ್ನು ಕಣ್ಣು ಕಾಣಬಲ್ಲುದು. ಅದರೊಳಗೆ ಅಡಗಿದ ರೋಗವನ್ನು ಕಾಣಲಾರದು. ಗ್ಲ್ಯಾಂಡರ್ಸ್ ಎಂಬ ಅಂಟುಜಾಡ್ಯದ ಇತಿಹಾಸವನ್ನು ಅವಲೋಕಿಸಿದರೆ ಈ ಮಾತಿನ ಅರ್ಥವು ನಮಗೆ ಸ್ಪಷ್ಟವಾಗುವುದು.

ಮೂಗಿನಲ್ಲಿ ಹುಣ್ಣು, ಅಂಟಾದ ಸಿಂಬಳ, ದವಡೆಯ ಕೆಳಗೆ ಗಂಟು, ಚರ್ಮದಲ್ಲಿ ಒಡೆದು ಕೀವು ಸುರಿಸುವ ಗಡ್ಡೆಗಳು, ಇವು ಆ ರೋಗದ ಲಕ್ಷಣಗಳು. ಮನುಷ್ಯರಿಗೂ ಅದು ಹತ್ತಿ ಪ್ರಾಣಾಪಾಯವನ್ನುಂಟುಮಾಡುವುದು. ಆದರೆ ಎಷ್ಟೋ ಕುದುರೆಗಳಲ್ಲಿ ಅದು ತಿಂಗಳುಗಟ್ಟಲೆ ಶ್ವಾಸಕೋಶದಲ್ಲಿ ಅಡಗಿರುವುದು. ಅಂತಹ ಪ್ರಾಣಿಯು ಎಂದಿನಂತೆ ಮೇವು ತಿಂದು ಬಂಡಿಯನ್ನೆಳೆಯುತ್ತಿದ್ದು, ಎಲ್ಲರ ಕುದುರೆಗಳೂ ನೀರು ಕುಡಿಯುವ ತೊಟ್ಟಿಗೆ ಬಾಯಿಟ್ಟು ಇಡೀ ಲಾಯಕ್ಕೆ ರೋಗವನ್ನು ಹಂಚುವುದು.

1882ರಲ್ಲಿ ಬರ್ಲಿನ್ನಿನ ಲೆಫ್ಲರ್ ಮತ್ತು ಷುಟ್ಜ್ ಎಂಬವರು ಈ ರೋಗಾಣುವನ್ನು ಬೇರ್ಪಡಿಸಿದರು. ಸುಮಾರು 1891ರ ವೇಳೆಗೆ ಸೇಂಟ್ ಪೀಟರ್ಸ್‌ಬರ್ಗಿನ ಹೆಲ್ಮನ್, ದೋರ್ಪಾತಿನ ಕಾಲ್ನಿಂಗ್, ಇವರು ರೋಗಾಣುಗಳನ್ನು ಬೆಳೆಸಿ, ಕಾಯಿಸಿ ಕೊಂದು, ಅವುಗಳ ಸಾರವನ್ನು ತೆಗೆದರು. ಇದೇ ಮ್ಯಾಲೀನ್. ಕಾಲ್ನಿಂಗನು ತಾನು ಪರಿಶೋಧಿಸುತ್ತಿದ್ದ ರೋಗಕ್ಕೇ 1891ರಲ್ಲಿ ಬಲಿಯಾದನು.

ಪರೀಕ್ಷೆಯ ಕ್ರಮವು ಸರಳವಾದುದು. ಮೊದಮೊದಲು ಮ್ಯಾಲೀನನ್ನು ಕತ್ತಿನ ಚರ್ಮದ ಕೆಳಗೆ ಚುಚ್ಚಿ, ಊತವನ್ನೂ ಜ್ವರದ ಏರಿಕೆಯನ್ನೂ ಕಾಯುತ್ತಿದ್ದರು. ಅನಂತರ ಕೆಳರೆಪ್ಪೆಯ ಚರ್ಮದೊಳಗೆ ಒಂದೆರಡು ಹನಿಯಷ್ಟನ್ನು ಚುಚ್ಚಿ, 48 ಗಂಟೆಗಳಲ್ಲಿ ಫಲವನ್ನು ನೋಡುವ ಪದ್ಧತಿಯು ಬಂದಿತು. ರೋಗವಿಲ್ಲದ ಕುದುರೆಯ ಕಣ್ಣು ಎಂದಿನಂತಿರುವುದು. ರೋಗವುಳ್ಳದ್ದರ ರೆಪ್ಪೆಯು ಬಾತು, ಕಣ್ಣು ಅರೆಮುಚ್ಚಿ, ಕೀವೊಸರುವುದು.

ಭಾರತದಲ್ಲಿ 1899ರಲ್ಲಿ ಗ್ಲ್ಯಾಂಡರ್ಸ್ ಮತ್ತು ಫಾರ್ಸಿ ಕಾಯಿದೆಯು ಜಾರಿಗೆ ಬಂದಿತು. 1914ರ ಮಹಾಯುದ್ಧದಲ್ಲಿ ಈ ರೋಗವೇ ಆಯುಧವೂ ಆಯಿತು. ಮಿತ್ರರಾಷ್ಟ್ರಗಳಿಗೆ ಹಡಗೇರಲಿದ್ದ ಕುದುರೆ, ಹೇಸರಗತ್ತೆಗಳಿಗೆ ಸೋಂಕು ತಗುಲಿಸಲು 1915ರಲ್ಲಿ ಆಂಟನ್ ಡಿಲ್ಗರ್ ಎಂಬ ಜರ್ಮನ್ ಗೂಢಚಾರನು ಅಮೆರಿಕದಲ್ಲಿ ರೋಗಾಣುಗಳನ್ನು ಬೆಳೆಸಿದನು. ಪರೀಕ್ಷೆ ಮತ್ತು ವಧೆಗಳ ಬಲದಿಂದ, ಮೋಟಾರು ಬಂದು ಕುದುರೆಗಳ ಸಂಖ್ಯೆಯು ಕುಗ್ಗಿದುದರ ನೆರವಿನಿಂದಲೂ, ಬ್ರಿಟನ್ನಿನಲ್ಲಿ 1928ರ ಹೊತ್ತಿಗೆ ರೋಗವು ನಿರ್ಮೂಲವಾಯಿತು. ನಮ್ಮ ದೇಶದಲ್ಲಾದರೋ 2006ರಲ್ಲಿ ಅದು ಮತ್ತೆ ತಲೆದೋರಿತು.

ಪರೀಕ್ಷೆಯ ಕಠಿಣವಾದ ಭಾಗವು ಸೂಜಿಯಲ್ಲಿಲ್ಲ, ತೀರ್ಪಿನಲ್ಲಿದೆ. ರೋಗವು ಖಚಿತವಾದರೆ ಪ್ರಾಣಿಯನ್ನು ಕೊಲ್ಲಬೇಕು. ನಿನ್ನೆಯವರೆಗೆ ದುಡಿದು ಮನೆಯವರಿಗೆಲ್ಲ ಅನ್ನವಿಕ್ಕಿದ, ನೋಡಲು ಗಟ್ಟಿಮುಟ್ಟಾದ ಕುದುರೆಯನ್ನು ಬಡ ಬಂಡಿಯವನು ಹೇಗೆ ಒಪ್ಪಿಸಿಯಾನು? ತಕ್ಕ ಪರಿಹಾರ ದೊರೆಯದಿದ್ದರೆ ಅವನು ಅದನ್ನು ಮರೆಮಾಡುವನು, ಇಲ್ಲವೆ ದೂರದ ಸಂತೆಯಲ್ಲಿ ಮಾರುವನು. ಅದರೊಡನೆ ರೋಗವೂ ಊರೂರಿಗೆ ಹೋಗುವುದು. ಆದುದರಿಂದ ಮ್ಯಾಲೀನ್ ಎಷ್ಟು ಅವಶ್ಯಕವೋ ಆ ಬಡವನ ನಂಬಿಕೆಯೂ ಅಷ್ಟೇ ಅವಶ್ಯಕವೆಂದು ನಾವು ತಿಳಿಯಬೇಕು.