ಗಣಕಯಂತ್ರದ ತಲೆಬಿಸಿಗೆ ನೂರೆಂಟು ಮದ್ದು

ತಣಿಸಂದ್ರ ಎಂಬ ಹೆಸರೇ ಕಿವಿಗೆ ತಂಪು. ಕನ್ನಡದಲ್ಲಿ ‘ತಣಿ’ ಎಂದರೆ ತಂಪಾಗು, ತೃಪ್ತಿಗೊಳ್ಳು ಎಂದರ್ಥ. ಕೊನೆಯಲ್ಲಿ ಬರುವ ‘ಸಂದ್ರ’ ಎಂಬುದು ‘ಸಮುದ್ರ’ದ ಸವೆದ ರೂಪ. ಬೆಂಗಳೂರು ಸೀಮೆಯಲ್ಲಿ ಕೆರೆಯನ್ನು ಸಮುದ್ರವೆಂದು ಕರೆದು ಊರಿಗೆ ಅದೇ ಹೆಸರಿಡುವ ರೂಢಿ ಹಿಂದಿನಿಂದ ಬಂದದ್ದು. ಇಂದು ನಾಗವಾರದಿಂದ ತಣಿಸಂದ್ರಕ್ಕೆ ಸಾಗುವ ರಸ್ತೆಯಲ್ಲಿ ಕಣ್ಣಿಗೆ ಬೀಳುವುದು ಸಾಲು ಸಾಲು ಅಪಾರ್ಟ್‌ಮೆಂಟುಗಳು. ರಸ್ತೆಯ ನಾಗವಾರದ ತುದಿಗೆ ಮಾನ್ಯತಾ ಟೆಕ್ ಪಾರ್ಕ್.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್‌ಗೆ ಏರಿ ದಾಖಲೆಯಾಯಿತು. ಅಂತಹ ಬೇಸಿಗೆಯ ಮಧ್ಯಾಹ್ನಗಳಲ್ಲಿ ಮನೆಯ ಕಂಪ್ಯೂಟರ್ ಬುಸುಗುಟ್ಟಲು ತೊಡಗುತ್ತದೆ. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಮೇಜಿನ ಫ್ಯಾನನ್ನು ಅದರತ್ತ ತಿರುಗಿಸುವುದು ಎಲ್ಲರಿಗೂ ತಿಳಿದ ಮನೆಮದ್ದು. ಆದರೆ ಅಷ್ಟಕ್ಕೇ ನಿಲ್ಲದವರೂ ಇದ್ದಾರೆ. ಕಂಪ್ಯೂಟರನ್ನು ಅಡುಗೆ ಎಣ್ಣೆಯಲ್ಲಿ ಮುಳುಗಿಸಿದವರು, ಕಾರಿನ ರೇಡಿಯೇಟರ್ ಜೋಡಿಸಿದವರು, ದ್ರವ ಸಾರಜನಕ ಸುರಿದವರು! ಈ ಸಾಹಸಗಳ ಹಿಂದೆ ಮುಕ್ಕಾಲು ಶತಮಾನಕ್ಕೂ ಹೆಚ್ಚಿನ ಇತಿಹಾಸವಿದೆ.

ಕಾವು ಬರುವುದೇಕೆ?

ಮಿಕ್ಸಿ ಹಿಟ್ಟು ರುಬ್ಬುತ್ತದೆ, ಪಂಪು ನೀರೆತ್ತುತ್ತದೆ. ಕಂಪ್ಯೂಟರ್ ಮಾಡುವುದು ಲೆಕ್ಕ. ಲೆಕ್ಕಕ್ಕೆ ತೂಕವಿಲ್ಲ, ಚಲನೆಯಿಲ್ಲ. ಹೀಗಾಗಿ ಕಂಪ್ಯೂಟರ್ ಕುಡಿದ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿಯೇ ಹೊರಬರಬೇಕು. 300 ವಾಟ್ ಬಳಸುವ ಯಂತ್ರವೆಂದರೆ ಕೋಣೆಯಲ್ಲಿಟ್ಟ 300 ವಾಟ್‌ನ ಹೀಟರ್ ಎಂದೇ ಲೆಕ್ಕ.

ಕಷ್ಟವಿರುವುದು ಈ ಶಾಖ ಹುಟ್ಟುವ ಜಾಗದಲ್ಲಿ. ಹೆಬ್ಬೆರಳಿನ ಉಗುರಿನಷ್ಟಗಲದ ಸಿಲಿಕಾನ್ ಚೂರಿನಿಂದ ನೂರು ವಾಟ್ ಹೊಮ್ಮಿದರೆ, ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಅದು ಇಸ್ತ್ರಿಪೆಟ್ಟಿಗೆಯನ್ನೂ ಹಲವು ಪಟ್ಟು ಮೀರಿಸುತ್ತದೆ. ಶಾಖವನ್ನು ಬೇಗನೆ ಸಾಗಿಸದಿದ್ದರೆ ಚಿಪ್ ಕೆಡುತ್ತದೆ. ಇಂದಿನ ಚಿಪ್‌ಗಳು ನೂರು ಡಿಗ್ರಿ ಸಮೀಪಿಸಿದೊಡನೆ ಜೀವ ಉಳಿಸಿಕೊಳ್ಳಲು ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ.

ಚಪ್ಪಲಿ ಹೊರಗೆ, ತಂಪು ಒಳಗೆ

1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಾರ್ಪಣೆಗೊಂಡ ‘ಎನಿಯಾಕ್’ ಗಣಕದಲ್ಲಿ ಸುಮಾರು 18,000 ವಾಲ್ವ್‌ಗಳಿದ್ದವು. ಅದು ಬಳಸುತ್ತಿದ್ದ ವಿದ್ಯುತ್ ಸುಮಾರು 150 ಕಿಲೋವಾಟ್. ಬಿಸಿಗಾಳಿ ಹೊರದೂಡಲು ದೊಡ್ಡ ದೊಡ್ಡ ಬ್ಲೋವರ್‌ಗಳೇ ಬೇಕಾದವು. ಗಣಕ ಹುಟ್ಟಿದ ದಿನದಿಂದಲೂ ಬೀಸಣಿಗೆ ಅದರ ಜೊತೆಗಿದೆ.

ಬೆಂಗಳೂರಿನಲ್ಲಿ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ದಶಕದ ಆರಂಭದಲ್ಲಿ ಐಬಿಎಂ 360 ಸರಣಿಯ ದೊಡ್ಡ ಗಣಕ ಬಂತು. ಮುಂದೆ ಕಾಲೇಜುಗಳಿಗೂ ತರಬೇತಿ ಕೇಂದ್ರಗಳಿಗೂ ಕಂಪ್ಯೂಟರ್ ಕಾಲಿಟ್ಟಾಗ, ಅದರ ಕೋಣೆ ಗರ್ಭಗುಡಿಯಂತೆಯೇ ಇತ್ತು. ಬಾಗಿಲಲ್ಲೇ ಚಪ್ಪಲಿ ಬಿಡಬೇಕು, ಕಿಟಕಿಗೆ ಪರದೆ, ಒಳಗೆ ಏ.ಸಿ. ಮನುಷ್ಯರಿಗೆ ಸಿಗದ ತಂಪು ಯಂತ್ರಕ್ಕೆ ಸಿಗುತ್ತಿತ್ತು.

ಅದೇ ವೇಳೆಗೆ ಅಮೆರಿಕದ ಸೆಮೂರ್ ಕ್ರೇ ಅವರ ಸೂಪರ್‌ಕಂಪ್ಯೂಟರ್‌ಗಳಿಗೆ ಗಾಳಿ ಸಾಲದಾಗಿತ್ತು. 1976ರ ಕ್ರೇ–1ರ ಕಂಬಗಳೊಳಗೆ ಫ್ರಿಜ್‌ನಲ್ಲಿರುವಂತಹ ಶೀತಕ ಹರಿಯುತ್ತಿತ್ತು. 1985ರ ಕ್ರೇ–2 ಇನ್ನೂ ಮುಂದೆ ಹೋಯಿತು. ಅದರ ಸರ್ಕ್ಯೂಟುಗಳು ವಿದ್ಯುತ್ ಹರಿಯಗೊಡದ ‘ಫ್ಲೋರಿನರ್ಟ್’ ಎಂಬ ದ್ರವದಲ್ಲೇ ಮುಳುಗಿದ್ದವು.

ಎಂಬತ್ತರ ದಶಕದಲ್ಲಿ ಭಾರತವೂ ಕ್ರೇ ಯಂತ್ರಕ್ಕಾಗಿ ಅಮೆರಿಕದ ಬಾಗಿಲು ತಟ್ಟಿತು. ಹವಾಮಾನ ಮುನ್ಸೂಚನೆಗೆಂದು ದೆಹಲಿಗೆ ಒಂದು ಬಂತು. ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಸಿಗಲಿಲ್ಲ. ಆದರೆ 1986ರಲ್ಲಿ, ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ರಾಷ್ಟ್ರೀಯ ವೈಮಾಂತರಿಕ ಪ್ರಯೋಗಾಲಯ (ಎನ್ಎಎಲ್) ಇದೇ ಬೆಂಗಳೂರಿನಲ್ಲಿ ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಕಟ್ಟಿತು. ಸಾಧಾರಣ ಮೈಕ್ರೊಪ್ರೊಸೆಸರ್‌ಗಳನ್ನು ಜೋಡಿಸಿ, ಲೆಕ್ಕವನ್ನು ಅವುಗಳಿಗೆ ಹಂಚುವ ಯುಕ್ತಿ ಅದು. ಕೆಲವೇ ವಾಟ್ ಬಳಸುವ ಚಿಪ್‌ಗಳಿಗೆ ಶೀತಕದ ಕೊಳಾಯಿ ಬೇಕಿಲ್ಲ. ಒಂದೇ ಚಿಪ್ಪಿಗೆ ಹೊರೆ ಹೊರಿಸಿ ಕಾಯಿಸುವ ಬದಲು ಹಲವಕ್ಕೆ ಹಂಚುವ ಇದೇ ದಾರಿಯನ್ನು ಇಡೀ ಜಗತ್ತು ಮುಂದೆ ಹಿಡಿಯಿತು.

ಮನೆಯೊಳಗಿನ ಸಾಹಸ

ಮನೆಯ ಕಂಪ್ಯೂಟರ್‌ಗೆ ಬೀಸಣಿಗೆಯೇ ಬೇಡ ಎಂದವರೂ ಉಂಟು. 1980ರಲ್ಲಿ ಬಂದ ‘ಆಪಲ್ 3’ರಲ್ಲಿ ಸದ್ದು ಮಾಡುವ ಫ್ಯಾನ್ ಇರಬಾರದೆಂದು ಸ್ಟೀವ್ ಜಾಬ್ಸ್ ಹಟ ಹಿಡಿದರು. ಯಂತ್ರ ಕಾದು ಚಿಪ್‌ಗಳು ಕುಳಿಯಿಂದ ಸಡಿಲಗೊಳ್ಳುತ್ತಿದ್ದವು. ಯಂತ್ರವನ್ನು ಕೆಲವು ಅಂಗುಲ ಮೇಲೆತ್ತಿ ಮೇಜಿನ ಮೇಲೆ ಧೊಪ್ಪನೆ ಬಿಡಿ ಎಂಬ ಸಲಹೆ ಬಳಕೆದಾರರಿಗೆ ಸಿಕ್ಕಿತು!

ತೊಂಬತ್ತರ ದಶಕದಲ್ಲಿ ಪೆಂಟಿಯಂ ಚಿಪ್‌ಗಳೊಡನೆ ಫ್ಯಾನ್ ಮರಳಿ ಬಂದು ಖಾಯಂ ಆಯಿತು. ಅದರ ಜೊತೆಗೇ ಹೊಸದೊಂದು ಹುಚ್ಚೂ ಬಂತು. 1998ರ ‘ಸೆಲೆರಾನ್ 300ಎ’ ಎಂಬ ಅಗ್ಗದ ಚಿಪ್ಪನ್ನು ಚೆನ್ನಾಗಿ ತಣಿಸಿದರೆ 300ರ ಬದಲು 450 ಮೆಗಾಹರ್ಟ್ಸ್ ವೇಗದಲ್ಲಿ ಓಡಿಸಬಹುದೆಂದು ಹವ್ಯಾಸಿಗಳು ಕಂಡುಕೊಂಡರು. ಬಿಟ್ಟಿ ಸಿಗುವ ವೇಗ ಯಾರಿಗೆ ಬೇಡ? ಮೀನಿನ ತೊಟ್ಟಿಯ ಪಂಪು, ಕಾರಿನ ಹೀಟರ್‌ನ ಸುರುಳಿ, ಪ್ಲಾಸ್ಟಿಕ್ ಕೊಳವೆ ಸೇರಿ ನೀರಿನ ತಂಪು ಮನೆಗೆ ಬಂತು. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖ ಹೊರಬಲ್ಲದು. ಒಂದು ಹನಿ ಸೋರಿದರೆ ಮಾತ್ರ ಯಂತ್ರಕ್ಕೇ ಕುತ್ತು.

ಎಣ್ಣೆಗೆ ಆ ಭಯವಿಲ್ಲ; ಅದು ವಿದ್ಯುತ್ ಹರಿಯಗೊಡದು. 2006ರಲ್ಲಿ ‘ಟಾಮ್ಸ್ ಹಾರ್ಡ್‌ವೇರ್’ ಪತ್ರಿಕೆಯವರು ಪೆಟ್ಟಿಗೆಗೆ 8 ಗ್ಯಾಲನ್, ಅಂದರೆ ಸುಮಾರು 30 ಲೀಟರ್ ಅಡುಗೆ ಎಣ್ಣೆ ಸುರಿದು ಕಂಪ್ಯೂಟರ್ ಓಡಿಸಿ ತೋರಿಸಿದರು. ಆದರೆ ಅಡುಗೆ ಎಣ್ಣೆ ಕೆಲ ಕಾಲದಲ್ಲೇ ಕಮಟು ಹಿಡಿಯುತ್ತದೆ. ಹಾಗಾಗಿ ಹವ್ಯಾಸಿಗಳು ಖನಿಜ ಎಣ್ಣೆಯತ್ತ ತಿರುಗಿದರು. ಎಣ್ಣೆಯಲ್ಲಿ ಅದ್ದಿದ ಬೋರ್ಡನ್ನು ರಿಪೇರಿಗೆ ಎತ್ತುವವರ ಪಾಡು ಬೇರೆ.

ಹಾಗಾದರೆ ಕಂಪ್ಯೂಟರನ್ನು ಫ್ರಿಜ್ಜಿನೊಳಗೇ ಇಟ್ಟರೆ? ತರಕಾರಿಯನ್ನು ಒಮ್ಮೆ ತಣಿಸಿದರೆ ಮುಗಿಯಿತು, ಕಂಪ್ಯೂಟರ್ ಬಿಡುವಿಲ್ಲದೆ ಕಾಯುತ್ತಲೇ ಇರುತ್ತದೆ. ಮನೆಯ ಫ್ರಿಜ್ಜಿನ ಕಂಪ್ರೆಸರ್ ಅದನ್ನು ತಾಳದು. ಮೇಲಾಗಿ ತಣ್ಣೀರಿನ ಲೋಟದ ಹೊರಮೈ ಬೆವರುವಂತೆ ತಣ್ಣಗಾದ ಚಿಪ್ಪಿನ ಸುತ್ತ ನೀರು ಕಟ್ಟಿ, ವಿದ್ಯುತ್ ಅಡ್ಡದಾರಿ ಹಿಡಿಯುತ್ತದೆ.

ಪಂದ್ಯಕ್ಕಿಳಿದವರ ಮಾತೇ ಬೇರೆ. ಅವರು ಬಳಸುವುದು ಮೈನಸ್ 196 ಡಿಗ್ರಿಯಲ್ಲಿ ಕುದಿಯುವ ದ್ರವ ಸಾರಜನಕ. 2011ರಲ್ಲಿ ಅಮೆರಿಕದಲ್ಲಿ ಎಎಂಡಿ ತಂಡವೊಂದು ಮೈನಸ್ 269 ಡಿಗ್ರಿಯ ದ್ರವ ಹೀಲಿಯಂ ಸುರಿದು 8.429 ಗಿಗಾಹರ್ಟ್ಸ್ ಮುಟ್ಟಿ ಗಿನ್ನೆಸ್ ದಾಖಲೆ ಬರೆಯಿತು. ಇಂತಹ ವೇಗ ನಿಲ್ಲುವುದು ಕ್ಷಣಗಳ ಮಟ್ಟಿಗೆ. ದ್ರವ ಆವಿಯಾಗಿ ಮುಗಿದರೆ ಆಟವೂ ಮುಗಿಯಿತು.

ಮಡಕೆಯ ಲೆಕ್ಕ

ಇಷ್ಟೆಲ್ಲ ವಿಚಿತ್ರಗಳ ನಡುವೆ ನಮ್ಮ ಅಜ್ಜಿಯರ ತಂತ್ರವೂ ಇದೆ. ಮಣ್ಣಿನ ಹೂಜಿ ನೀರು ತಣ್ಣಗಿಡುವುದು, ಲಾವಂಚದ ತಟ್ಟಿಗೆ ನೀರು ಚಿಮುಕಿಸಿ ಕೋಣೆ ತಂಪು ಮಾಡುವುದು ಎಲ್ಲವೂ ಒಂದೇ ತತ್ವ. ನೀರು ಆವಿಯಾಗುವಾಗ ಶಾಖವನ್ನು ಹೀರಿ ಒಯ್ಯುತ್ತದೆ. ಒಂದು ಲೀಟರ್ ನೀರು ಆವಿಯಾದರೆ ಒಂದು ಯೂನಿಟ್ ವಿದ್ಯುತ್ತಿನ ಸುಮಾರು ಮೂರನೇ ಎರಡರಷ್ಟು ಶಾಖ ಅದರೊಡನೆ ಹೋಗುತ್ತದೆ. 300 ವಾಟ್‌ನ ಕಂಪ್ಯೂಟರನ್ನು ಹೀಗೆ ತಣಿಸಲು ಎರಡು ಗಂಟೆಗೆ ಒಂದು ಲೀಟರಿನಷ್ಟು ನೀರು ಸಾಕು.

ಸಾಲಾಗಿ ಸಾವಿರಾರು ಯಂತ್ರಗಳಿರುವ ಡೇಟಾ ಸೆಂಟರ್‌ಗಳಲ್ಲಿ ಲೆಕ್ಕ ಬದಲಾಗುತ್ತದೆ. ಒಂದು ಮೆಗಾವಾಟ್ ಶಾಖವನ್ನು ಪೂರ್ತಿಯಾಗಿ ಆವಿಯ ಮೂಲಕವೇ ಕಳೆಯಬೇಕಾದರೆ ಗಂಟೆಗೆ ಸುಮಾರು 1,500 ಲೀಟರ್ ನೀರು ಬೇಕು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ ಜಲಮಂಡಳಿ 5,000 ರೂಪಾಯಿ ದಂಡ ವಿಧಿಸಿದ ಊರು ಬೆಂಗಳೂರು. ಇಲ್ಲಿ ಈ ಲೆಕ್ಕವನ್ನು ಹಗುರವಾಗಿ ಕಾಣುವಂತಿಲ್ಲ. ನೀರು ಉಳಿಸಲು ಏ.ಸಿ. ಹಾಕಿದರೆ ವಿದ್ಯುತ್ ಹೆಚ್ಚು ಬೇಕು. ಸಂಸ್ಕರಿಸಿದ ಕೊಳಚೆ ನೀರನ್ನು ಬಳಸುವುದು ಒಂದು ದಾರಿ. ನೀರನ್ನು ಆವಿಯಾಗಗೊಡದೆ ಮುಚ್ಚಿದ ಕೊಳವೆಯಲ್ಲೇ ಸುತ್ತಿಸುವುದು ಇನ್ನೊಂದು. ಚಿಪ್ಪಿನ ಮೇಲೇ ಲೋಹದ ತಟ್ಟೆ ಕೂರಿಸಿ ಅದರೊಳಗೆ ದ್ರವ ಹರಿಸುವ ವಿಧಾನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಗೊಂಡ ‘ಪರಮ್ ಪ್ರವೇಗ’ ಸೂಪರ್‌ಕಂಪ್ಯೂಟರಿನಲ್ಲಿದೆ. ಮೀನಿನ ತೊಟ್ಟಿಯ ಪಂಪು ಜೋಡಿಸಿದ ಹವ್ಯಾಸಿಗಳು ಹಿಡಿದದ್ದೂ ಇದೇ ದಾರಿ.

ಈ ಎಲ್ಲ ಉಪಾಯಗಳೂ ಶಾಖವನ್ನು ಇಲ್ಲಿಂದ ಅಲ್ಲಿಗೆ ಸಾಗಿಸುತ್ತವೆಯೇ ಹೊರತು ಅದನ್ನು ಇಲ್ಲವಾಗಿಸುವುದಿಲ್ಲ. ಚಿಪ್ಪಿನ ಕಾವು ಪೆಟ್ಟಿಗೆಗೆ, ಪೆಟ್ಟಿಗೆಯದು ಕೋಣೆಗೆ, ಕೋಣೆಯದು ಏ.ಸಿ. ಮೂಲಕ ಬೀದಿಗೆ. ಬೀದಿಯ ಕಾವನ್ನು ಹೀರಲು ಬೇಕಾದದ್ದು ಮರ ಮತ್ತು ಕೆರೆ. ತಣಿಸಂದ್ರದ ಪಕ್ಕದಲ್ಲಿ ರಾಚೇನಹಳ್ಳಿ ಕೆರೆ ಇನ್ನೂ ಉಳಿದಿದೆ.

ಮನೆಯ ಮಟ್ಟಿಗೆ ಹೇಳುವುದಾದರೆ ಎಣ್ಣೆಯೂ ಬೇಡ, ಸಾರಜನಕವೂ ಬೇಡ. ಯಂತ್ರ ಆರಿಸಿ ಫ್ಯಾನಿನ ದೂಳು ಒರೆಸುವುದು, ಪೆಟ್ಟಿಗೆಯನ್ನು ಗೋಡೆಯಿಂದ ಒಂದು ಗೇಣು ಸರಿಸುವುದು, ಕೆಲಸವಿಲ್ಲದಾಗ ಸ್ವಿಚ್ ಆರಿಸುವುದು – ಇಷ್ಟು ಸಾಕು. ಹುಟ್ಟದ ಶಾಖವನ್ನು ಯಾರೂ ಸಾಗಿಸಬೇಕಿಲ್ಲ.