ಹಾಸು ಯಾವೂರದು, ಹೊಕ್ಕು ಯಾವೂರದು

ಆಷಾಢ ಬಂತೆಂದರೆ ಹೈದರಾಬಾದಿನ ನನ್ನ ನೂಲಿನ ಅಂಗಡಿಯಲ್ಲಿ ಗಿರಾಕಿ ಕಮ್ಮಿ, ಚಿಂತೆ ಜಾಸ್ತಿ. ದಸರಾ, ದೀಪಾವಳಿ, ಅವುಗಳ ಬೆನ್ನಿಗೇ ಬರುವ ಮದುವೆ ಕಾಲ, ಇಷ್ಟಕ್ಕೂ ಬೇಕಾದ ನೂಲನ್ನು ಈಗಲೇ ಆರಿಸಿಡಬೇಕು. ನನ್ನ ಗಿರಾಕಿಗಳು ಇಲ್ಲಿಂದ ಸುಮಾರು 50 ಕಿ.ಮೀ. ದೂರದ ಪೋಚಂಪಲ್ಲಿಯ ನೇಕಾರರು. 1951ರಲ್ಲಿ ವಿನೋಬಾ ಭಾವೆಯವರ ಭೂದಾನ ಶುರುವಾಯಿತಲ್ಲ, ಅದೇ ಊರು. ಅಲ್ಲಿ ನೇಯುವ ಮೊದಲೇ ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ. ಕಟ್ಟಿದ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ಮಗ್ಗಕ್ಕೇರುವ ಮುಂಚೆಯೇ ಚಿತ್ತಾರ ಎಳೆಯ ಮೇಲೆ ಕೂತಿರುತ್ತದೆ. ಹೀಗಾಗಿ ನೂಲು ಕೆಟ್ಟದಿದ್ದರೆ ಗೊತ್ತಾಗುವುದು ಎಷ್ಟೋ ದಿನದ ಕೆಲಸ ಮುಗಿದ ಮೇಲೆ. ಆ ನಷ್ಟ ಅಂಗಡಿಯವನದಲ್ಲ, ನೇಕಾರನದು.

ಈ ವ್ಯಾಪಾರ ಶುರು ಮಾಡಿದವರು ನಮ್ಮಜ್ಜ, ಕಲಬುರಗಿಯವರು. ಆಗ ಕಲಬುರಗಿ, ರಾಯಚೂರು, ಬೀದರ ನಿಜಾಮರ ರಾಜ್ಯದಲ್ಲಿದ್ದವು. ಓದಿಗೆ, ಕೋರ್ಟಿಗೆ, ವ್ಯಾಪಾರಕ್ಕೆ ನಮ್ಮವರಿಗೆ ಹೈದರಾಬಾದೇ ರಾಜಧಾನಿ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಹೆಸರು ಹೊತ್ತ ಎಂ.ಎಸ್.ಕೆ. ಮಿಲ್ಲು 19ನೇ ಶತಮಾನದ ಕೊನೆಯಲ್ಲೇ ಕಲಬುರಗಿಯಲ್ಲಿ ಎದ್ದಿತ್ತು. ಅಜ್ಜ ಊರ ಕಡೆಯ ಹತ್ತಿ ನೂಲು ತಂದು ಇಲ್ಲಿ ಮಾರುತ್ತಿದ್ದರು. 1956ರ ನವೆಂಬರ್ 1ರಂದು ಆ ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಹೈದರಾಬಾದು ಆಂಧ್ರಪ್ರದೇಶಕ್ಕೆ ಹೋಯಿತು. "ನಾವೆಲ್ಲೂ ಹೋಗಿಲ್ಲೋ ತಮ್ಮಾ, ಊರೇ ನಮಗ ಬಿಟ್ಟು ಹೋಯ್ತು" ಅಂತ ಅಜ್ಜ ನಗುತ್ತಿದ್ದರು. ಕಾಚಿಗುಡದ ಸಾಹಿತ್ಯ ಮಂದಿರದಲ್ಲಿ ರಾಜ್ಯೋತ್ಸವಕ್ಕೆ ಕೂತಾಗಲೆಲ್ಲ ಆ ಮಾತು ನೆನಪಾಗುತ್ತದೆ. ನಾಡು ಒಂದಾದ ದಿನವೇ ನಾವು ಹೊರನಾಡಿನವರಾದೆವು.

1970ರ ಸುಮಾರಿಗೆ ಪೋಚಂಪಲ್ಲಿಯವರು ಹತ್ತಿಯ ಜೊತೆಗೆ ರೇಷ್ಮೆಯನ್ನೂ ಹಿಡಿದರು. ರೇಷ್ಮೆ ನೂಲು ಬರಬೇಕಾದದ್ದು ಬೆಂಗಳೂರಿನಿಂದ. ಅಪ್ಪ ಅದನ್ನೇ ತರಿಸತೊಡಗಿದರು, ನನಗೂ ಕಲಿಸಿದರು. ಹತ್ತಿಯಲ್ಲಿ ನಂಬರು ಏರಿದಷ್ಟೂ ಎಳೆ ಸಣ್ಣದು. 840 ಗಜದ ಎಷ್ಟು ಲಡಿ ಸೇರಿದರೆ ಒಂದು ಪೌಂಡು ತೂಗುತ್ತದೋ ಅದೇ ಅದರ ನಂಬರು. ರೇಷ್ಮೆಯಲ್ಲಿ ಉಲ್ಟಾ. 9000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್, ಏರಿದಷ್ಟೂ ದಪ್ಪ. ಕಚ್ಚಾ ರೇಷ್ಮೆಯನ್ನು ಸೋಪಿನ ನೀರಲ್ಲಿ ಕುದಿಸಿದರೆ ಅಂಟು ಬಿಟ್ಟು ಸುಮಾರು ಕಾಲುಭಾಗ ತೂಕ ಇಳಿಯುತ್ತದೆ. ಅದಕ್ಕೇ ಒಂದು ಲಡಿ ಕುದಿಸಿ, ಒಣಗಿಸಿ, ತೂಗಿ ನೋಡದೆ ಅಪ್ಪ ಒಂದು ಕಿಲೋ ಮಾಲೂ ಕೊಳ್ಳುತ್ತಿರಲಿಲ್ಲ.

2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ಚೀನಾ ನೂಲು ಅಗ್ಗವಾಯಿತು. ರಾಮನಗರದಲ್ಲಿ ಗೂಡಿನ ದರ ಕುಸಿದು ರೈತರು ಬೀದಿಗಿಳಿದರು. ಆ ವರ್ಷ ನನ್ನ ಗಲ್ಲಾದ ಮೇಲೆ ಎರಡು ಲಡಿ ಇದ್ದವು. ಒಂದು ನಮ್ಮ ಮಿಶ್ರತಳಿ ಗೂಡಿನದು, ತುಸು ಹಳದಿ, ನಡುನಡುವೆ ಗಂಟು. ಇನ್ನೊಂದು ಚೀನಾದ್ದು, ಬೆಳ್ಳಗೆ, ಒಂದೇ ಸಮ. ಅಪ್ಪನ ಕಾಲದಿಂದ ಬರುತ್ತಿದ್ದ ಹಿರಿಯ ನೇಕಾರರೊಬ್ಬರಿಗೆ ಎರಡನ್ನೂ ತೋರಿಸಿ, ನಮ್ಮ ರೈತರ ಕಷ್ಟವನ್ನೂ ಹೇಳಿದೆ. ಅವರು ಎಳೆ ಜಗ್ಗಿ ನೋಡಿ ತೆಲುಗಿನಲ್ಲಿ ಅಂದದ್ದಿಷ್ಟು: "ಊರಿನ ಅಭಿಮಾನ ನಿಮಗಿರಲಿ ಬಾಬೂ. ಹಾಸಿನ ಎಳೆ ಹರಿದರೆ ರಾತ್ರಿ ದೀಪದ ಕೆಳಗೆ ಕೂತು ಗಂಟು ಹಾಕುವವಳು ನನ್ನ ಹೆಂಡತಿ."

ನನ್ನ ಬಳಿ ಉತ್ತರವಿರಲಿಲ್ಲ. ಮಗ್ಗದಲ್ಲಿ ಜಗ್ಗಾಟವೆಲ್ಲ ಉದ್ದದ ಎಳೆಗೆ, ಅಂದರೆ ಹಾಸಿಗೆ. ಅಡ್ಡ ಹೋಗುವ ಹೊಕ್ಕಿಗೆ ಅಷ್ಟು ಬಿಗಿ ಇರುವುದಿಲ್ಲ. ಹಾಸಿನ ನೂಲು ಚೀನಾದ್ದು, ಹೊಕ್ಕಿನದು ಬೆಂಗಳೂರಿನದು ತರಿಸಿದೆ. ನೇಯ್ಗೆಯ ಬೇರೆ ಊರುಗಳಲ್ಲೂ ಹೀಗೆ ಮಾಡುತ್ತಿದ್ದರು. ವ್ಯಾಪಾರ ಚೆನ್ನಾಗಿಯೇ ಆಯಿತು. ಆದರೂ ಆ ವರ್ಷ ಟಿ.ವಿ.ಯಲ್ಲಿ ರಾಮನಗರದ ಸುದ್ದಿ ಬಂದರೆ ಎದ್ದು ಒಳಗೆ ಹೋಗುತ್ತಿದ್ದೆ.

2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಿದರು. 2014ರಲ್ಲಿ ತೆಲಂಗಾಣವಾಯಿತು. ಅಂಗಡಿ ಕದಲದಿದ್ದರೂ ಅದು ಕಂಡ ರಾಜ್ಯ ಇದು ಮೂರನೆಯದು. ನಮ್ಮ ಕಡೆ ಬಿಳಿ ದ್ವಿತಳಿ ಗೂಡು ಬೆಳೆಯುವವರು ಹೆಚ್ಚಿದ್ದಾರೆ. ಆಟೋಮ್ಯಾಟಿಕ್ ಯಂತ್ರದಲ್ಲಿ ಬಿಚ್ಚಿದ ನೂಲು ಹಾಸಿನ ಬಿಗಿಯನ್ನೂ ತಡೆಯುತ್ತದೆ ಅನ್ನುತ್ತಾರೆ. ಅನ್ನುವುದು ಬೇರೆ, ಮಗ್ಗ ಹೇಳುವುದು ಬೇರೆ.

ಈ ಆಷಾಢದಲ್ಲಿ ಹಾಸಿಗೂ ಹೊಕ್ಕಿಗೂ ನಮ್ಮದನ್ನೇ ತರಿಸಬಹುದೇ ಎಂದು ನೋಡುತ್ತಿದ್ದೇನೆ. ಒಂದು ಲಡಿ ಕುದಿಸಿ ಒಣಹಾಕಿದ್ದೇನೆ. ತೂಗಿದ ಮೇಲೆ ಪೋಚಂಪಲ್ಲಿಗೆ ಒಯ್ದು ಆ ಹಿರಿಯರ ಸೊಸೆಯ ಕೈಗೆ ಕೊಡಬೇಕು. ಈಗ ಗಂಟು ಹಾಕುವವರು ಅವರು. ಅವರು ಒಪ್ಪಿದರೆ ಬೆಂಗಳೂರಿಗೆ ಫೋನು ಮಾಡುತ್ತೇನೆ.